ಹೋ ಮನೆಯ ಮದುವಣಗಿತ್ತಿ ಕೋಣೆ

ಎಪ್ಪತ್ತೆಂಟು ವರ್ಷದ ಮದುವಣಗಿತ್ತಿ ಎಲ್ಲಾದರೂ ಉಂಟೇ ಎಂದು ಕೇಳುವವರು ನಮ್ಮ ಲುಂಗ್‌ವೇ ಕೋಟೆಗೆ ಬಂದು ನೋಡಬೇಕು. ದಕ್ಷಿಣದ ಬಾಗಿಲು ದಾಟಿ ಮೂರನೇ ಓಣಿಗೆ ತಿರುಗಿದರೆ ಹೋ ಮನೆತನದ ಹಳೇ ಕಲ್ಲುಮನೆ. ಪಡಸಾಲೆಯ ಬಲಕ್ಕೆ ಒಂದು ಕತ್ತಲೆ ಕೋಣೆ. ಅಲ್ಲಿ ಕೆಂಪು ಬಣ್ಣ ಬಳಿದ ಮಂಚದ ಅಂಚಿಗೆ ಯಾಮಿಯಾನ್ ಕೂತಿರುತ್ತಾಳೆ. ತಲೆಗೆ ಹಳದಿ ಬಿದಿರು ಟೋಪಿ, ಕೆನ್ನೆ ಗದ್ದ ಎಲ್ಲ ಮುಚ್ಚುವ ಹೂವಿನ ವಸ್ತ್ರ, ಹೊಕ್ಕುಳ ಕಾಣುವಷ್ಟು ಗಿಡ್ಡನೆಯ ನೀಲಿ ಕುಪ್ಪಸ, ಅಗಲ ಕಾಲಿನ ಕರಿ ಪೈಜಾಮ, ಸೊಂಟಕ್ಕೆ ಬೆಳ್ಳಿ ಡಾಬು. ಡಾಬು ಮಾತ್ರ ಬೆಳ್ಳಿಯದಲ್ಲ, ತಗಡಿನದು. ಅವಳ ನಿಜವಾದ ಡಾಬು ಯಾವ ಕಾಲಕ್ಕೋ ಅಣ್ಣನ ದೋಣಿಯ ರಿಪೇರಿಗೆ ಹೋಯಿತು.

ದೂರದೂರದಿಂದ ಬಸ್ಸಿನಲ್ಲಿ ಬರುವ ಜನ ಮೊದಲು ಕೋಟೆಯ ಗೋಡೆ ಹತ್ತುತ್ತಾರೆ. ಕಡಲ್ಗಳ್ಳರ ಕಾಟ ತಡೆಯಲು ಆರುನೂರು ವರ್ಷದ ಹಿಂದೆ ಕಟ್ಟಿದ್ದು ಎಂದು ಕೇಳಿ ತಲೆಯಾಡಿಸುತ್ತಾರೆ. ಆಮೇಲೆ ದೀಪಸ್ತಂಭ, ಆಮೇಲೆ ದೇವಿಯ ಗುಡಿ, ಆಮೇಲೆ ಮೀನಿನ ಹಿಟ್ಟು ಸುತ್ತಿ ಬೇಯಿಸಿದ ಉರುಳೆ ತಿಂದು ಕೈ ಒರೆಸಿಕೊಂಡು ಹೋ ಮನೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಅವರ ಕಾಲು ಸೋತಿರುತ್ತದೆ, ಮಕ್ಕಳು ರಂಪ ಮಾಡುತ್ತಿರುತ್ತವೆ. ಕಲ್ಲು ನೋಡಿ ನೋಡಿ ಬೇಸತ್ತ ಕಣ್ಣಿಗೆ ಉಸಿರಾಡುವ ಒಂದು ಹಳೇ ವಸ್ತು ಸಿಕ್ಕಿದರೆ ಯಾರಿಗೆ ಬೇಡ? ಫೋನು ಎತ್ತಿ ಹಿಡಿದು ಬಾಗಿಲಲ್ಲಿ ನೂಕಾಡುತ್ತಾರೆ.

ಊರು ತೋರಿಸುವ ಹುಡುಗಿ ಸಿತಾಂಗ್ ಸೊಂಟಕ್ಕೆ ಸಣ್ಣ ಸ್ಪೀಕರು ಸಿಕ್ಕಿಸಿಕೊಂಡು ಶುರುಮಾಡುತ್ತಾಳೆ. "ನಮ್ಮ ಕಡೆ ಮದುವೆಯಾದ ಮೂರನೇ ದಿನ ಹುಡುಗಿ ವಾಪಸ್ ತವರಿಗೆ ಹೋಗ್ಬಿಡ್ತಿದ್ಲು. ಆಮೇಲೆ ವರ್ಷಕ್ಕೆ ಎರಡೋ ಮೂರೋ ಹಬ್ಬ, ಅಷ್ಟಕ್ಕೇ ಗಂಡನ ಮನೆ. ಅದೂ ಕತ್ತಲಾದ್ಮೇಲೆ ಬರ್ಬೇಕು, ಬೆಳಕು ಹರಿಯೋಕೆ ಮುಂಚೆ ಹೊರಟುಬಿಡ್ಬೇಕು. ದೀಪ ಆರೋತನಕ ಮುಖದ ಬಟ್ಟೆ ತೆಗೆಯೋ ಹಾಗಿಲ್ಲ. ಹೊಟ್ಟೇಲಿ ಮಗು ನಿಂತ್ರೆ ಮಾತ್ರ ಗಂಡನ ಮನೇಲಿ ಸಂಸಾರ."

"ಹಾಗಾದ್ರೆ ಗಂಡನ ಮುಖ ನೋಡೋದು ಯಾವಾಗ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿತಾಂಗ್ ಇದಕ್ಕೇ ಕಾದಿರುತ್ತಾಳೆ. "ಅಜ್ಜಿನೇ ಕೇಳಿ," ಎನ್ನುತ್ತಾಳೆ.

ಯಾಮಿಯಾನ್ ಹೇಳುತ್ತಾಳೆ. "ಆಗ ನಾವು ಐದು ಜನ ಗೆಳತಿಯರು ಕಲ್ಲು ಹೊರ್ತಿದ್ವಿ. ದೋಣಿ ನಿಲ್ಲೋ ದಕ್ಕೆ ಹತ್ರ ಒಬ್ಬ ಬಂದು, ನೀರಿದ್ರೆ ಒಂದು ಗುಟುಕು ಕೊಡಮ್ಮ ಅಂದ. ನಾನು, ಯಾಕೆ, ನಿನ್ನ ಹೆಂಡ್ತಿ ಸತ್ತಿದಾಳಾ, ಹೋಗಿ ಅವಳ ಹತ್ರ ಕೇಳು ಅಂದೆ. ಅವನು, ಸತ್ತಿಲ್ಲಮ್ಮ, ಹಗಲು ಕಾಣ್ಸಲ್ಲ ಅಷ್ಟೇ ಅಂದ. ನನ್ನ ಗೆಳತಿಯರು ಬಿದ್ದು ಬಿದ್ದು ನಕ್ರು. ನೀರು ಕೊಡದೆ ಕಳಿಸ್ದೆ. ಅವನೇ ನನ್ನ ಗಂಡ."

ಜನರೂ ಬಿದ್ದು ಬಿದ್ದು ನಗುತ್ತಾರೆ. ಹೆಂಗಸರು ಪಕ್ಕದಲ್ಲಿದ್ದ ಗಂಡಂದಿರ ಬೆನ್ನಿಗೆ ಗುದ್ದುತ್ತಾರೆ. ಒಂದಿಬ್ಬರು ಮಂಚದ ಮೇಲೆ ಅವಳ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ, ಮುಗಿಯಬೇಕೆಂದು ಅಪ್ಪಣೆಯಾಗಿದೆ. ಮೊದಲ ಸಲ ಯಾರೋ ಕೇಳಿದರೆಂದು ಬಾಯಿ ತಪ್ಪಿ ಹೇಳಿದ್ದಳು. ಜನ ನಕ್ಕದ್ದು ಕೇಳಿ ಮನೆಯ ಯಜಮಾನ ವೆನ್‌ಕುನ್ ಓಡಿ ಬಂದು, "ಅಕ್ಕಾ, ಇದನ್ನ ದಿನಾ ಹೇಳಿ, ಇಷ್ಟೇ ಹೇಳಿ," ಎಂದಿದ್ದ. ಅಂದಿನಿಂದ ದಿನಕ್ಕೆ ಎಷ್ಟು ಬಸ್ಸು ಬರುತ್ತವೋ ಅಷ್ಟು ಸಲ ಅವಳು ಗಂಡನಿಗೆ ನೀರಿಲ್ಲ ಅನ್ನುತ್ತಾಳೆ.

ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ, ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಯಾಮಿಯಾನ್ ಹದಿನಾರಕ್ಕೆ ಮದುವೆಯಾದಳು. ಗಂಡ ಹೋ ದಿಂಗ್‌ಹಾಯ್, ದೋಣಿಯವನು. ಅವಳು ಕೋಟೆಯ ಹೊರಗಿನ ಕೇರಿಯವಳು. ಎರಡು ಮನೆಗೂ ನಡುವೆ ಒಂದು ಕೂಗಳತೆ ಎಂದರೂ ಸರಿಯೇ. ಆದರೆ ಆ ಕೂಗಳತೆ ದಾಟುವುದು ನಮ್ಮ ಹೆಣ್ಣುಮಕ್ಕಳಿಗೆ ಕಡಲು ದಾಟಿದ ಹಾಗಿತ್ತು. ತಡೆದವರು ಅಪ್ಪ ಅಮ್ಮ ಅಲ್ಲ, ಗೆಳತಿಯರು. ಐದು ಜನ ಒಟ್ಟಿಗೆ ಕಲ್ಲು ಹೊತ್ತು, ಒಂದೇ ಕೋಣೆಯಲ್ಲಿ ಮಲಗಿ, ಒಬ್ಬಳ ತಲೆ ಇನ್ನೊಬ್ಬಳು ಬಾಚಿ ಬೆಳೆದವರು. ಹಬ್ಬದ ರಾತ್ರಿ ಗಂಡನ ಮನೆಗೆ ಹೋಗಿ ಬಂದವಳ ಪಾಡು ಮರುದಿನ ನಾಯಿಪಾಡು. "ಏನೇ, ಕಲ್ಲು ಇವತ್ತು ಭಾರ ಆಯ್ತಾ? ಮಂಚ ಮೆತ್ತಗಿತ್ತೇನೋ?" ಎಂದು ದಾರಿಯುದ್ದಕ್ಕೂ ಚುಚ್ಚುವರು. ಬಸಿರಾದವಳನ್ನಂತೂ ಮಾತೇ ಆಡಿಸುತ್ತಿರಲಿಲ್ಲ. ಗಂಡನ ಕಡೆಗೆ ಒಲಿದವಳು ಗೆಳತಿಯರಿಗೆ ದ್ರೋಹ ಮಾಡಿದವಳು, ಅಷ್ಟೇ ಲೆಕ್ಕ. ಹೀಗಾಗಿ ಯಾಮಿಯಾನ್ ಹಬ್ಬಕ್ಕೆ ಹೋದರೂ ಹಾಸಿಗೆಯ ತುದಿಯಲ್ಲಿ ಮುದುರಿ ಕೂತು, ಕೋಳಿ ಕೂಗುವ ಮುಂಚೆ ಎದ್ದು ಬಂದುಬಿಡುತ್ತಿದ್ದಳು. ಮೂರು ವರ್ಷದಲ್ಲಿ ಅವರಿಬ್ಬರು ಆಡಿದ ಮಾತು ಒಟ್ಟು ಸೇರಿಸಿದರೆ ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತಿಗೂ ಸಾಲದು.

ಕೊನೆಯ ಸಲ ಅವಳು ಆ ಮನೆಗೆ ಹೋದದ್ದು ಹೊಸವರ್ಷದ ಹಿಂದಿನ ರಾತ್ರಿ. ಅವಳು ಕತ್ತಲಲ್ಲಿ ಟೋಪಿಗೆ ತಡಕಾಡುತ್ತಿರುವಾಗ ದಿಂಗ್‌ಹಾಯ್ ಕೈ ಹಿಡಿದ. "ಬೆಳಗಾಗೋತನಕ ಇರು. ಒಂದ್ಸಲ ನಿನ್ನ ಮುಖ ನೋಡ್ತೀನಿ," ಎಂದ.

"ಮುಂದಿನ ಹಬ್ಬಕ್ಕೆ," ಎಂದು ಕೈ ಬಿಡಿಸಿಕೊಂಡು ಬಂದಳು. ಓಣಿಯಲ್ಲಿ ಗೆಳತಿಯರು ಕಾಯುತ್ತಿದ್ದರು.

ಆ ವಸಂತದಲ್ಲಿ ದಕ್ಕೆಯ ಹತ್ತಿರ ನೀರು ಕೇಳಿದ್ದು. ಅವಳನ್ನು ಗುರುತು ಹಿಡಿದೇ ಕೇಳಿದನೋ, ಬಾಯಾರಿ ಸಿಕ್ಕವಳನ್ನು ಕೇಳಿದನೋ, ಅವಳಿಗೆ ಇಂದಿಗೂ ಬಗೆಹರಿದಿಲ್ಲ. ಮುಂದಿನ ಹಬ್ಬ ಬರುವ ಮೊದಲೇ ಅವನ ದೋಣಿ ಬಂಡೆಗೆ ಬಡಿಯಿತು. ಹೊರಗೆ ಸತ್ತವರನ್ನು ನಾವು ಊರೊಳಗೆ ತರುವುದಿಲ್ಲ. ಕೋಟೆಬಾಗಿಲ ಹೊರಗೆ ಮರಳ ಮೇಲೆ ಚಾಪೆ ಹೊದಿಸಿ ಮಲಗಿಸಿದ್ದರು. ಹೆಂಡತಿ ಎಂದು ಕರೆಸಿ, ಸೂತಕದ ಸೆಣಬಿನ ಬಟ್ಟೆ ಉಡಿಸಿ, ಚಾಪೆ ಸರಿಸಿದರು. ಹಗಲ ಬೆಳಕಲ್ಲಿ ಅವಳು ಮೊದಲ ಬಾರಿಗೆ ಗಂಡನ ಮುಖ ನೋಡಿದಳು. ನೀರು ಕೇಳಿದವನು. ಅವಳಿಗೆ ಅಳು ಬರಲಿಲ್ಲ, ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಳು. "ನೋಡ್ರೋ, ನನ್ನ ಮಗ ಸತ್ರೆ ಒಂದು ಹನಿ ಕಣ್ಣೀರಿಲ್ಲ ಇವಳಿಗೆ," ಎಂದು ದಿಂಗ್‌ಹಾಯ್‌ನ ತಾಯಿ ಎದೆ ಬಡಿದುಕೊಂಡಳು. ಆ ಮುದುಕಿ ಸಾಯುವವರೆಗೂ ಆ ಮಾತನ್ನು ಎತ್ತಿ ಎತ್ತಿ ಆಡಿದಳು.

ಮಗುವಿಲ್ಲ, ಆದ್ದರಿಂದ ಗಂಡನ ಮನೆಯಿಲ್ಲ. ಇನ್ನೊಂದು ಮದುವೆ ಮಾಡಿಕೊಳ್ಳೆಂದು ಎಲ್ಲರೂ ಹೇಳಿದರು. ಅವಳು ಒಪ್ಪಲಿಲ್ಲ. ಪ್ರೀತಿಯಿಂದ ಎಂದು ಸಿತಾಂಗ್‌ನಂಥವರು ಹೇಳಬಹುದು. ನನ್ನ ಮಟ್ಟಿಗೆ ಅದು ನಾಚಿಕೆ. ಬಾಯಾರಿದವನಿಗೆ ಇಲ್ಲವೆಂದು ಕಳಿಸಿ, ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದುಕೊಳ್ಳಲು ಅವಳಿಗೆ ಮುಖವಿರಲಿಲ್ಲ. ಕಲ್ಲು ಹೊತ್ತಳು. ಕಾಲುವೆಗೆ ಹೊತ್ತಳು, ದಕ್ಕೆಗೆ ಹೊತ್ತಳು, ಬಿದ್ದುಹೋಗಿದ್ದ ಉತ್ತರದ ಕೋಟೆಗೋಡೆ ಮತ್ತೆ ಕಟ್ಟುವಾಗ ಅದಕ್ಕೂ ಹೊತ್ತಳು. ಬಲಹೆಗಲು ಎಡದ್ದಕ್ಕಿಂತ ಕೆಳಗಿಳಿದು ಹಾಗೆಯೇ ನಿಂತಿತು. ಫೋಟೋ ತೆಗೆಯುವವರು ಅವಳಿಗೆ, "ಅಜ್ಜಿ, ನೆಟ್ಟಗೆ ಕೂತ್ಕೊಳ್ಳಿ," ಎನ್ನುತ್ತಾರೆ. ಅವಳು ಕೂತಿರುವುದೇ ನೆಟ್ಟಗೆ.

ಪ್ರತಿ ವರ್ಷ ಪಿತೃಗಳ ಹಬ್ಬ ಕ್ವಿಂಗ್‌ಮಿಂಗ್‌ಗೆ ಗುಡ್ಡ ಹತ್ತಿ ದಿಂಗ್‌ಹಾಯ್‌ನ ಸಮಾಧಿಯ ಹುಲ್ಲು ಕಿತ್ತು, ಊಟ ಇಟ್ಟು, ಪರಲೋಕದ ಖರ್ಚಿಗೆಂದು ಕಾಗದದ ಹಣ ಸುಟ್ಟು ಬರುವಳು. ಅದೊಂದು ಕೆಲಸಕ್ಕೆ ಮುದುಕಿ ಅವಳನ್ನು ಬೇಡ ಎನ್ನಲಿಲ್ಲ.

ವಯಸ್ಸಾದಂತೆ ಒಂದು ಭಯ ಅವಳನ್ನು ಹಿಡಿಯಿತು. ಮದುವೆಯಾದ ಹೆಣ್ಣು ತವರಿನಲ್ಲಿ ಪ್ರಾಣ ಬಿಟ್ಟರೆ ಆ ಮನೆ ಏಳಿಗೆಯಾಗುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಅಣ್ಣ ಇರುವವರೆಗೆ ಈ ಮಾತು ಬರಲಿಲ್ಲ. ಅಣ್ಣ ಹೋದ ಮೇಲೆ ಅವನ ಸೊಸೆ ಬಿಯಿಂಗ್ ಮನೆ ನಡೆಸುತ್ತಾಳೆ. ಕೆಟ್ಟವಳಲ್ಲ, ಸಿಂಪಿ ಒಡೆದು ಮಾರಿ ಸಂಸಾರ ತೂಗಿಸುವ ಗಟ್ಟಿ ಹೆಂಗಸು. ಆದರೂ ಒಂದು ಚಳಿಗಾಲ ಯಾಮಿಯಾನ್‌ಗೆ ಜ್ವರ ಏರಿದಾಗ ಅವಳ ಹಾಸಿಗೆಯನ್ನು ಸುತ್ತಿ ಅಂಗಳದಾಚೆ ಸಿಂಪಿ ಚಿಪ್ಪಿನ ಕೊಟ್ಟಿಗೆಗೆ ಒಯ್ದಳು. "ಏನೂ ಅಂದ್ಕೋಬೇಡಿ ಅತ್ತೆ. ನನ್ನ ಮಗನಿಗೆ ಇನ್ನೂ ಮದುವೆ ಆಗ್ಬೇಕು," ಎಂದಳು. ಗಂಜಿ ಮಾತ್ರ ಹೊತ್ತುಹೊತ್ತಿಗೆ ತಂದುಕೊಟ್ಟಳು.

ಕೊಟ್ಟಿಗೆಯಲ್ಲಿ ಮಲಗಿ ಯಾಮಿಯಾನ್ ಯೋಚಿಸಿದಳು. ಇಲ್ಲಿ ಸಾಯುವ ಹಾಗಿಲ್ಲ, ಅಲ್ಲಿ ಬಾಳಿದವಳಲ್ಲ. ಸತ್ತ ಮೇಲೆ ಯಾರ ಮನೆಯ ಊಟ? ಏಳನೇ ತಿಂಗಳಲ್ಲಿ ದಿಕ್ಕಿಲ್ಲದ ಪ್ರೇತಗಳಿಗೆಂದು ಓಣಿಯ ಬಾಯಲ್ಲಿ ಅನ್ನ ಇಡುತ್ತಾರಲ್ಲ, ಗುರುತು ಪರಿಚಯವಿಲ್ಲದವರ ಜೊತೆ ನೂಕಾಡಿಕೊಂಡು ಅದನ್ನು ತಿನ್ನಬೇಕೇ? ಸಾವಿಗೆ ಅವಳು ಹೆದರಲಿಲ್ಲ, ಇದಕ್ಕೆ ಹೆದರಿದಳು.

ಆ ಹೊತ್ತಿಗೆ ವೆನ್‌ಕುನ್ ಬಂದ. ಇವನು ದಿಂಗ್‌ಹಾಯ್‌ನ ತಮ್ಮನ ಮಗ, ಈಗ ಅರವತ್ತು. ಹೊಸ ಪೇಟೆಯಲ್ಲಿ ಲಿಫ್ಟಿರುವ ಮನೆ ಮಾಡಿದ್ದಾನೆ. ಖಾಲಿ ಬಿದ್ದ ಹಳೇ ಮನೆಗೆ ಟಿಕೆಟ್ ಇಡುವ ಉಪಾಯ ಇವನದೇ. ಒಂದು ಡಬ್ಬಿ ಒಳ್ಳೇ ಚಹಾ ತಂದು ಬೆಣ್ಣೆಯಂತೆ ಮಾತಾಡಿದ.

"ಅಕ್ಕಾ, ಬಾಡಿಗೆ ಹುಡುಗೀರ್ನ ಕೂರಿಸಿದ್ರೆ ಜನಕ್ಕೆ ಗೊತ್ತಾಗುತ್ತೆ. ನೀವು ಬಂದು ಕೂತ್ಕೊಳ್ಳಿ. ಕೆಲಸ ಏನಿಲ್ಲ, ಸುಮ್ನೆ ಇದ್ರೆ ಆಯ್ತು."

"ಎಲ್ಲಿ ಕೂರೋದು?"

"ಮದುವಣಗಿತ್ತಿ ಕೋಣೇಲಿ. ನಿಮ್ಮ ಕೋಣೇನೇ ಅಲ್ವಾ?"

ಆ ಕೋಣೆಯನ್ನು ಅವಳು ಬೆಳಕಿನಲ್ಲಿ ಕಂಡೇ ಇರಲಿಲ್ಲ. ಗೋಡೆಯ ಬಣ್ಣ ಯಾವುದೆಂದು ಕೇಳಿದರೂ ಹೇಳಲಾಗುತ್ತಿರಲಿಲ್ಲ.

"ಬರ್ತೀನಿ. ಒಂದು ಮಾತು ನಡೆಸ್ಕೊಡು," ಎಂದಳು. "ದಿಂಗ್‌ಹಾಯ್ ಕಲ್ಲಿನ ಮೇಲೆ ನನ್ನ ಹೆಸರು ಹಾಕ್ಸು. ಕೆಂಪು ಬಣ್ಣದಲ್ಲಿ."

ಗಂಡಹೆಂಡಿರಲ್ಲಿ ಒಬ್ಬರು ಮೊದಲು ಹೋದರೆ ಸಮಾಧಿಗಲ್ಲಿನಲ್ಲಿ ಇಬ್ಬರ ಹೆಸರನ್ನೂ ಕೆತ್ತಿ, ಇರುವವರ ಹೆಸರಿಗೆ ಕೆಂಪು ತುಂಬುವುದು ನಮ್ಮ ಪದ್ಧತಿ. ನಾನೂ ಬರುತ್ತೇನೆ, ಜಾಗ ಇಟ್ಟಿರು ಎಂದು ಹೇಳಿದಂತೆ. ಸತ್ತ ದಿನ ಆ ಬಣ್ಣ ಬದಲಿಸಿದರಾಯಿತು. ಅಷ್ಟು ಅಕ್ಷರ ಕಲ್ಲಿಗೆ ಬಿದ್ದರೆ ಅವಳು ಹೋ ಮನೆಯವಳು. ಕ್ವಿಂಗ್‌ಮಿಂಗ್‌ಗೆ ಊಟ ಅಲ್ಲೇ ಬರುತ್ತದೆ, ಓಣಿಬಾಯಿಗೆ ಹೋಗಬೇಕಿಲ್ಲ.

ವೆನ್‌ಕುನ್ ಚಹಾ ಹೀರಿದ. "ಅಷ್ಟೇನಾ? ಹೇಗೂ ಕಡಲ ರಸ್ತೆಗೆ ಆ ಗುಡ್ಡ ತಗೋತಾರಂತೆ. ಸಮಾಧಿ ಜರುಗಿಸ್ಬೇಕು, ಹೊಸ ಕಲ್ಲು ಮಾಡಿಸ್ಬೇಕು. ಆಗ ನೋಡೋಣ."

ಆಗ ನೋಡೋಣ ಅಂದದ್ದನ್ನು ಯಾಮಿಯಾನ್ ಆಗಲಿ ಎಂದು ಇಟ್ಟುಕೊಂಡಳು. ಜೀವನವಿಡೀ ಕಲ್ಲಿನ ಜೊತೆ ಇದ್ದವಳಿಗೆ ಜಾರುವ ಮಾತಿನ ಅಭ್ಯಾಸ ಇರಲಿಲ್ಲ.

ಎರಡು ಬೇಸಿಗೆ ಕೂತಳು. ಸೆಖೆಗೆ ಮುಖದ ಬಟ್ಟೆಯೊಳಗೆ ಬೆವರು ಹರಿಯುತ್ತಿತ್ತು. ಮಕ್ಕಳು ಬಂದು ನಿಜವಾದ ಮನುಷ್ಯಳೇ ಎಂದು ಬೆರಳಿಂದ ಚುಚ್ಚಿ ನೋಡುವರು. ಒಬ್ಬ ದೊಡ್ಡ ಹೊಟ್ಟೆಯವನು, "ಅಜ್ಜಿ, ಇವತ್ತು ರಾತ್ರಿ ಗಂಡ ಬರ್ತಾನಾ?" ಎಂದು ಕಣ್ಣು ಹೊಡೆದ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಬಿಡುವಿನಲ್ಲಿ ಸಿತಾಂಗ್ ಪಕ್ಕಕ್ಕೆ ಕೂತು ಕಡಲೆಕಾಯಿ ಸುಲಿಯುತ್ತ, "ಬೇಜಾರಾಗಲ್ವಾ ಅಜ್ಜಿ, ಅದನ್ನೇ ಹೇಳಿ ಹೇಳಿ?" ಎಂದು ಕೇಳಿದ್ದಳು.

"ನನ್ನ ಹೆಸರು ಕಲ್ಲಿಗೆ ಬರ್ಲಿ. ಆಮೇಲೆ ಬೇಜಾರು ಮಾಡ್ಕೋತೀನಿ," ಎಂದಿದ್ದಳು ಯಾಮಿಯಾನ್.

ಈ ವರ್ಷ ಕ್ವಿಂಗ್‌ಮಿಂಗ್‌ಗೆ ಮುಂಚೆ ಗುಡ್ಡದ ಸಮಾಧಿ ಜರುಗಿಸಲು ದಿನ ಗೊತ್ತಾಯಿತು. ಸತ್ತು ಕೆಲವು ವರ್ಷಕ್ಕೆ ಎಲುಬು ಆರಿಸಿ ಮಣ್ಣಿನ ಗಡಿಗೆಗೆ ತುಂಬಿ ಮತ್ತೆ ಹೂಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಾಗಾಗಿ ಸಮಾಧಿ ಜರುಗಿಸುವುದು ಎಂದರೆ ಗಡಿಗೆ ಜರುಗಿಸುವುದು. ಯಾಮಿಯಾನ್ ಹಿಂದಿನ ದಿನವೇ ಮೀನು ತಂದು ಅರೆದು ಉರುಳೆ ಮಾಡಿ ಬೇಯಿಸಿದಳು. ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿ ಬಾಚಿದಳು. "ಯಾರ ಮದುವೆ ಅತ್ತೆ?" ಎಂದು ಬಿಯಿಂಗ್ ಕೀಟಲೆ ಮಾಡಿದಳು. "ನಂದೇ ಅಂತ ತಿಳ್ಕೋ," ಎಂದು ಯಾಮಿಯಾನ್ ನಕ್ಕಳು. ಅವಳು ನಗುವುದನ್ನು ಬಿಯಿಂಗ್ ಬಹಳ ದಿನದಿಂದ ಕಂಡಿರಲಿಲ್ಲ.

ಗುಡ್ಡದ ಮೇಲೆ ವೆನ್‌ಕುನ್ ಇದ್ದ, ಎಲುಬು ಎತ್ತುವ ಮುದುಕನಿದ್ದ. ಕೆಳಗೆ ರಸ್ತೆಯ ಯಂತ್ರಗಳು ಕಾದಿದ್ದವು. ಮುದುಕ ಅಗೆದು, ಚಪ್ಪಡಿ ಸರಿಸಿ, ಬಗ್ಗಿ ನೋಡಿದ. ಸತ್ತವರ ಎಲುಬಿಗೆ ಬಿಸಿಲು ತಾಗಬಾರದು, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕರಿ ಛತ್ರಿ ಹಿಡಿಯುತ್ತಾರೆ. ಮುದುಕ ತಲೆಯೆತ್ತಿ, "ಏನಪ್ಪಾ, ಇಬ್ಬರಿದಾರಲ್ಲ. ಛತ್ರಿ ಒಂದೇ ತಂದಿದೀರಾ?" ಎಂದ.

"ಇನ್ನೊಂದಿದೆ," ಎಂದು ವೆನ್‌ಕುನ್ ಚೀಲದಿಂದ ಎರಡನೇ ಛತ್ರಿ ತೆಗೆದ.

ಯಾಮಿಯಾನ್ ಬುಟ್ಟಿ ಇಳಿಸುತ್ತಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ವೆನ್‌ಕುನ್ ಮಂಡಿಯೂರಿ ಊದುಬತ್ತಿ ಹಚ್ಚಿದ. ಮನೆ ಬದಲಿಸುವಾಗ ಸತ್ತವರನ್ನು ಕರೆದು ಎಬ್ಬಿಸಬೇಕು, ಇಲ್ಲವಾದರೆ ಅವರು ದಾರಿ ತಪ್ಪುತ್ತಾರೆ.

"ದೊಡ್ಡಪ್ಪಾ, ಏಳಿ. ಹೊಸ ಮನೆಗೆ ಹೋಗೋಣ," ಎಂದು ಕೂಗಿದ. ಆಮೇಲೆ, "ದೊಡ್ಡಮ್ಮಾ, ಬನ್ನಿ, ಹೋಗೋಣ," ಎಂದ.

"ಬಂದೆ," ಎಂದಳು ಯಾಮಿಯಾನ್. ಮುಂದಕ್ಕೆ ಹೆಜ್ಜೆಯನ್ನೂ ಇಟ್ಟಳು.

ಹುಟ್ಟಿದಾಗಿನಿಂದ ವೆನ್‌ಕುನ್ ಅವಳನ್ನು ಅಕ್ಕಾ ಎಂದೇ ಕರೆದವನು, ಬೀದಿಯಲ್ಲಿ ಮೀನು ಮಾರುವವಳನ್ನು ಕರೆದ ಹಾಗೆ. ದೊಡ್ಡಪ್ಪನ ಹೆಂಡತಿಗೆ ಸಲ್ಲುವ ಹೆಸರು ಇವತ್ತಾದರೂ ಅವನ ಬಾಯಿಂದ ಬಂತಲ್ಲ ಎಂದು ಅವಳ ಕಣ್ಣು ತುಂಬಿತ್ತು. ಎಲುಬಿನ ಮುದುಕ ಗಾಬರಿಯಾಗಿ ಹಿಂದೆ ಸರಿದ. ಸತ್ತವರನ್ನು ಕರೆದಾಗ ಬದುಕಿದವರು ಓಗೊಟ್ಟರೆ ಅದಕ್ಕಿಂತ ಅಪಶಕುನವಿಲ್ಲ. "ಥೂ ಥೂ, ನಿಮ್ಮನ್ನಲ್ಲಮ್ಮ ಕರೆದದ್ದು," ಎಂದ.

ಅವಳು ಗುಂಡಿಯೊಳಗೆ ನೋಡಿದಳು. ಎರಡು ಗಡಿಗೆ ಒಂದಕ್ಕೊಂದು ತಾಗಿ ಕೂತಿದ್ದವು. ಚಿಕ್ಕದರ ಕೊರಳಿಗೆ ಕಟ್ಟಿದ್ದ ಕೆಂಪು ದಾರ ಬಣ್ಣ ಹೋಗಿ ಮಣ್ಣಾಗಿತ್ತು.

"ಅದ್ಯಾರು?" ಎಂದಳು.

ವೆನ್‌ಕುನ್ ಊದುಬತ್ತಿ ನೆಡುವ ನೆಪದಲ್ಲಿ ತಲೆ ಎತ್ತಲಿಲ್ಲ. "ಕೋ ಅನ್ನೋ ಮನೆತನದ ಹುಡುಗಿ. ಉಪ್ಪಿನ ಗದ್ದೆ ಕಡೆಯವಳು. ಮದುವೆಗೆ ಮುಂಚೆ ಕಾಯಿಲೆಯಲ್ಲಿ ಹೋಗಿದ್ಲಂತೆ. ದೊಡ್ಡಪ್ಪನ ಎಲುಬು ಆರಿಸೋ ಹೊತ್ತಲ್ಲಿ ನಮ್ಮಜ್ಜಿಗೆ, ಅದೇ ದೊಡ್ಡಪ್ಪನ ತಾಯಿಗೆ, ದಿನಾ ಕನಸು. ದೊಡ್ಡಪ್ಪ ಬಂದು ಮನೆ ಖಾಲಿ ಇದೆ, ಚಳಿಯಾಗುತ್ತೆ ಅಂತಿದ್ರಂತೆ. ಅಜ್ಜಿ ಹೋಗಿ ಅವಳ ಎಲುಬಿನ ಗಡಿಗೆ ಕೇಳ್ಕೊಂಡು ಬಂದು, ಸತ್ತವರಿಬ್ರಿಗೂ ಮದುವೆ ಮಾಡಿಸಿದ್ರು. ಆ ಕಾಲದಲ್ಲಿ ಸರಕಾರ ಇದಕ್ಕೆಲ್ಲ ಬಿಡ್ತಿರ್ಲಿಲ್ಲವಲ್ಲ, ಗುಟ್ಟಾಗಿ ಮಾಡಿದ್ರು. ನಾನು ಚಿಕ್ಕವನು, ಕಾಗದದ ಲಾಟೀನು ಹಿಡ್ಕೊಂಡು ಜೊತೇಲಿ ಹೋಗಿದ್ದೆ."

"ನಾನಿದ್ನಲ್ಲೋ."

"ನೀವು ಇದ್ರಿ ಅಕ್ಕಾ. ಆದ್ರೆ ನಮ್ಮನೆಗೆ ಬಂದಿರ್ಲಿಲ್ವಲ್ಲ. ಇವತ್ತಲ್ಲ ನಾಳೆ ಇನ್ನೊಬ್ಬನ್ನ ಕಟ್ಕೋತೀರಿ ಅಂತ ಅಜ್ಜಿ ಅಂದ್ಕೊಂಡ್ರು."

"ಕಟ್ಕೊಳ್ಳಲಿಲ್ಲ ಅಂತ ಆಮೇಲಾದ್ರೂ ಗೊತ್ತಾಯ್ತಲ್ಲ."

"ಆಮೇಲೆ ಹೇಳಿ ಏನು ಪ್ರಯೋಜನ? ಹೇಳಬೇಡ ಅಂದ್ರು ಅಜ್ಜಿ."

ಯಾಮಿಯಾನ್ ಅಲ್ಲೇ ಕೂತಳು. ವರ್ಷ ವರ್ಷ ಮುದುಕಿ ಕೋಲೂರಿ ನಿಂತು, ಹುಲ್ಲು ಎಡಗಡೆಯೂ ಕೀಳು ಎನ್ನುತ್ತಿದ್ದಳು. ಎರಡು ಬಟ್ಟಲು ಇಡಿಸುತ್ತಿದ್ದಳು. ಒಂದು ಭೂಮಿದೇವರಿಗೆ ಎಂದು ಯಾಮಿಯಾನ್ ತಾನೇ ಅರ್ಥ ಮಾಡಿಕೊಂಡಿದ್ದಳು. ಐವತ್ತು ವರ್ಷ ಸವತಿಗೆ ಉಣ್ಣಲು ಇಟ್ಟಿದ್ದಾಳೆ, ಅವಳ ಖರ್ಚಿಗೆ ಕಾಗದದ ಹಣ ಸುಟ್ಟಿದ್ದಾಳೆ, ತಲೆ ಬಗ್ಗಿಸಿದ್ದಾಳೆ. ಬೆನ್ನ ಹಿಂದೆ ನಿಂತು ನೋಡಿದವಳು ತುಟಿಪಿಟಕ್ಕೆನ್ನಲಿಲ್ಲ. ಇಂಥ ಹಗೆ ಸಾಧಿಸಲು ಎಷ್ಟು ತಾಳ್ಮೆ ಬೇಕು ನೋಡಿ. ಮಗ ಸತ್ತಾಗ ಅಳದೇ ಇದ್ದದ್ದಕ್ಕೆ ಮುದುಕಿ ಕೊಟ್ಟ ಶಿಕ್ಷೆ ಇದು ಎಂದು ನಾನು ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಗಡಿಗೆಗಳು ಛತ್ರಿಯ ನೆರಳಲ್ಲಿ ಮುಂದೆ ಹೋದವು. ಯಾಮಿಯಾನ್ ಬುಟ್ಟಿ ಹೊತ್ತು ಹಿಂದೆ ನಡೆದಳು. ಇನ್ನೂ ಒಂದು ಆಸೆ ಇತ್ತು. ಹೊಸ ಸ್ಮಶಾನದಲ್ಲಿ ಕಲ್ಲು ಆಗಲೇ ನಿಂತಿತ್ತು, ಕೆಂಪು ಬಟ್ಟೆ ಹೊದಿಸಿದ್ದರು. ವೆನ್‌ಕುನ್ ಬಟ್ಟೆ ಎಳೆದ. ಓದು ಬಾರದ ಯಾಮಿಯಾನ್ ಬಣ್ಣ ಹುಡುಕಿದಳು. ಕಲ್ಲಿನಲ್ಲಿ ಎಲ್ಲೂ ಕೆಂಪು ಇರಲಿಲ್ಲ.

"ಏನು ಬರೆದಿದೆ?"

"ಹೋ ದಿಂಗ್‌ಹಾಯ್. ಪಕ್ಕದಲ್ಲಿ ಕೋ ಮನೆತನದ ಹೆಂಡತಿ."

"ನಾನೆಲ್ಲಿ?"

"ಅಕ್ಕಾ, ಇಬ್ರು ಹೆಂಡಿರು ಅಂತ ಕೆತ್ತಿಸಿದ್ರೆ ನೋಡಿದವರು ನಗಲ್ವಾ? ಅವರು ಐವತ್ತು ವರ್ಷ ಅಲ್ಲೇ ಇದ್ದವರು, ಎಬ್ಬಿಸಿ ಕಳಿಸೋಕಾಗುತ್ತಾ?" ವೆನ್‌ಕುನ್ ಬೆವರು ಒರೆಸಿಕೊಂಡ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಅವಸರ ಇತ್ತು. "ನಿಮಗೆ ಬೇರೆ ಯೋಚನೆ ಮಾಡಿದೀನಿ. ಕೋಣೆ ಬಾಗಿಲಲ್ಲಿ ನಿಮ್ಮ ದೊಡ್ಡ ಫೋಟೋ, ಕೆಳಗೆ ಹೆಸರು. ನೀವು ಹೋದ್ಮೇಲೂ ತೆಗೆಯಲ್ಲ. ಈ ಕಲ್ಲನ್ನ ಯಾರು ಬಂದು ನೋಡ್ತಾರೆ ಹೇಳಿ? ಅದನ್ನ ಸಾವಿರಾರು ಜನ ನೋಡ್ತಾರೆ."

"ಈಗೆಲ್ಲ ಹೂಳೋ ಹಾಗಿಲ್ಲ, ಸುಡ್ತಾರಲ್ಲ. ನನ್ನ ಬೂದಿ ಎಲ್ಲಿಡ್ತೀಯ?"

"ಅಲ್ಲಿ ಹೊಸದಾಗಿ ಕಟ್ಟಡ ಕಟ್ಟಿದಾರಲ್ಲ, ಸರಕಾರದ್ದು. ಗೂಡುಗೂಡು ಮಾಡಿದಾರೆ. ಚೆನ್ನಾಗಿದೆ, ಒಂದ್ಸಲ ಹೋಗಿ ನೋಡಿ ಬನ್ನಿ."

ಯಾಮಿಯಾನ್ ಬುಟ್ಟಿಯ ಮುಚ್ಚಳ ತೆಗೆದಳು. ಸಮಾಧಿಯ ಹೊಸ ಮೆಟ್ಟಿಲ ಮೇಲೆ ಕೂತು ಒಂದು ಮೀನಿನ ಉರುಳೆ ಎತ್ತಿ ಕಚ್ಚಿದಳು. ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ. ಹಿರಿಯರಿಗೆ ಇಡುವ ಮೊದಲು ಎಂಜಲು ಮಾಡಿದವರನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ವೆನ್‌ಕುನ್‌ಗೆ ಸಿಟ್ಟೇ ಬಂತು.

"ಏನ್ ಮಾಡ್ತಿದೀರಿ? ಅವರಿನ್ನೂ ಉಂಡಿಲ್ಲ."

"ಅಡುಗೆ ಅವಳು ಮಾಡ್ಲಿ," ಎಂದಳು ಯಾಮಿಯಾನ್. "ಮನೆಗೆ ಬಂದ ಹೆಂಡ್ತಿ ಅವಳಲ್ವಾ."

ಎಲ್ಲವನ್ನೂ ತಿಂದಳು. ಗಂಟಲಿಗೆ ಸಿಕ್ಕಿಕೊಂಡರೂ ಬಿಡಲಿಲ್ಲ. ಎಲುಬಿನ ಮುದುಕ ಕಲ್ಲಿಗೆ ಬೆನ್ನು ಹಾಕಿ ಕಡಲು ನೋಡುತ್ತ ನಿಂತ.

ಮರುದಿನ ಅವಳು ಹೋ ಮನೆಗೆ ಹೋದಳೇ ಎಂದರೆ ಹೋದಳು. ಬೇರೆಲ್ಲಿ ಹೋಗುತ್ತಾಳೆ? ತವರಿನಲ್ಲಿ ಹಗಲು ಕೂತರೆ ಸಿಂಪಿ ಒಡೆಯುವವರ ಕಾಲಿಗೆ ಅಡ್ಡ. ಬಾಗಿಲ ಪಕ್ಕದಲ್ಲಿ ಒಬ್ಬ ಬಡಗಿ ಫೋಟೋದ ಚೌಕಟ್ಟಿಗೆ ಅಳತೆ ತೆಗೆಯುತ್ತಿದ್ದ. ಅವನನ್ನು ದಾಟಿ ಒಳಗೆ ಹೋಗಿ ಮಂಚದ ಮೇಲೆ ಕೂತಳು. ಮುಖದ ಬಟ್ಟೆ ಕಟ್ಟಿಕೊಳ್ಳಲಿಲ್ಲ.

ಬಸ್ಸು ಬಂತು. ಜನ ತುಂಬಿದರು. ಯಾರೋ ಕೇಳಿದರು, ಗಂಡನ ಮುಖ ನೋಡೋದು ಯಾವಾಗ ಎಂದು. ಯಾಮಿಯಾನ್ ನೀರಿನ ಕಥೆ ಹೇಳಿದಳು, ಜನ ನಕ್ಕರು. ಅವಳು ನಿಲ್ಲಿಸಲಿಲ್ಲ. ಮರಳ ಮೇಲೆ ಚಾಪೆ ಸರಿಸಿದ್ದು ಹೇಳಿದಳು. ಎರಡು ಗಡಿಗೆಯ ಸಂಗತಿ ಹೇಳಿದಳು. ಓಗೊಟ್ಟದ್ದು ಹೇಳಿದಳು. ಸಿತಾಂಗ್ ಸ್ಪೀಕರಿನ ಗುಂಡಿ ಒತ್ತಿ, "ಈಗ ನಾವು ಮೇಲಂತಸ್ತಿಗೆ..." ಎಂದು ಶುರುಮಾಡಿದವಳು ಗುಂಡಿ ಬಿಟ್ಟುಬಿಟ್ಟಳು. ಎತ್ತಿ ಹಿಡಿದಿದ್ದ ಫೋನುಗಳು ಒಂದೊಂದಾಗಿ ಕೆಳಗಿಳಿದವು.

ಮುಂದೆ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬಳು, ದೂರದ ಚೆಂಗ್ದು ನಗರದ ಕಡೆಯವಳು, ಮೆಲ್ಲಗೆ ಕೇಳಿದಳು. "ಹಾಗಾದ್ರೆ ಅಜ್ಜಿ, ಈಗ ನೀವು ಯಾವ ಮನೆಯವರು?"

ಯಾಮಿಯಾನ್ ಆ ಹೆಂಗಸಿನ ಮುಖ ನೋಡಿದಳು.

"ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಈ ಮನೆಯವಳು," ಎಂದಳು. "ಆಮೇಲೆ ಬೀಗ ಹಾಕ್ತಾರೆ."